ಡೀಸೆಲ್ ಟ್ರ್ಯಾಕ್ಟರಿನ ಟೈಮಿಂಗ್: ಪಂಪಿಗೆ ಕೈ ಹಾಕುವ ಮೊದಲು

ಪ್ರಶ್ನೆ: ನಮ್ಮಲ್ಲಿ ತಂದೆಯವರು ಕೊಂಡಿದ್ದ ಹಳೆಯ ಮಹೀಂದ್ರಾ ಬಿ-275 ಟ್ರ್ಯಾಕ್ಟರ್ ಇದೆ. ಹೋದ ಬೇಸಿಗೆಯಲ್ಲಿ ಎಂಜಿನ್ ಬಿಚ್ಚಿಸಿ ಪಿಸ್ಟನ್, ರಿಂಗ್, ಬೇರಿಂಗ್ ಎಲ್ಲವನ್ನೂ ಹೊಸದಾಗಿ ಹಾಕಿಸಿದೆವು. ಜೋಡಿಸಿದ ಮೇಲೆ ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು, ಕಣ್ಣು ಉರಿಯುವಂಥ ಬಿಳಿ ಹೊಗೆ ಬರುತ್ತಿತ್ತು, ಎರೆ ಹೊಲದಲ್ಲಿ ಕುಂಟೆ ಎಳೆಯಲೂ ಏದುಸಿರು ಬಿಡುತ್ತಿತ್ತು. ಇನ್ನೊಬ್ಬ ಮೆಕ್ಯಾನಿಕ್ ಬಂದು ಡೀಸೆಲ್ ಪಂಪಿನ ನಟ್ಟು ಸಡಿಲಿಸಿ, ಪಂಪನ್ನು ತಿರುಗಿಸಿ ಬಿಗಿ ಮಾಡಿ ಹೋದರು. ಈಗ ಹೊಗೆ ಕಡಿಮೆಯಾಗಿದೆ, ಆದರೆ ಸುತ್ತಿಗೆಯಿಂದ ಬಡಿದಂತೆ ಸದ್ದು ಬರುತ್ತದೆ. ಸೆಲ್ಫ್ ಹೊಡೆದಾಗ ಒಮ್ಮೊಮ್ಮೆ ಎಂಜಿನ್ ಹಿಂದಕ್ಕೆ ಒದೆಯುತ್ತದೆ. ಇಗ್ನಿಷನ್ ಟೈಮಿಂಗ್ ತಪ್ಪಿದೆ ಎನ್ನುತ್ತಾರೆ. ಅದನ್ನು ನಾವೇ ಸರಿಯಾಗಿ ಇಡಬಹುದೇ?
– ಬ್ಯಾಡಗಿ ತಾಲ್ಲೂಕಿನ ಒಬ್ಬ ರೈತರು

ಉತ್ತರ: ಇಡಬಹುದು. ಆದರೆ ಅದಕ್ಕೂ ಮೊದಲು ಒಂದು ಮಾತು: ಈ ಸದ್ದು ಇರುವವರೆಗೆ ಟ್ರ್ಯಾಕ್ಟರನ್ನು ಹೊಲಕ್ಕೆ ಇಳಿಸಬೇಡಿ. ಪಿಸ್ಟನ್ ಇನ್ನೂ ಮೇಲಕ್ಕೆ ಏರುತ್ತಿರುವಾಗಲೇ ಅದರ ತಲೆಯ ಮೇಲೆ ಬೆಂಕಿ ಸಿಡಿಯುತ್ತಿದೆ ಎಂಬುದು ಆ ಬಡಿತದ ಅರ್ಥ. ಆ ಹೊಡೆತವನ್ನು ತಿನ್ನುವುದು ನೀವು ಈಗಷ್ಟೇ ದುಡ್ಡು ಸುರಿದು ಹಾಕಿಸಿದ ಪಿಸ್ಟನ್, ರಿಂಗ್, ಬೇರಿಂಗ್ ಮತ್ತು ಹೆಡ್ ಗ್ಯಾಸ್ಕೆಟ್. ಹಿಂದಕ್ಕೆ ಒದೆಯುವುದಂತೂ ಸೆಲ್ಫಿನ ಹಲ್ಲು ಮುರಿಯುವ ದಾರಿ. ಹ್ಯಾಂಡಲ್ ಹಾಕಿ ತಿರುಗಿಸಿ ಸ್ಟಾರ್ಟ್ ಮಾಡುವ ಅಭ್ಯಾಸವಿದ್ದರೆ ಅದನ್ನು ಇವತ್ತೇ ನಿಲ್ಲಿಸಿ, ಮುಂಗೈ ಮುರಿದುಕೊಂಡವರನ್ನು ನಾನು ಕಂಡಿದ್ದೇನೆ.

ಎರಡನೆಯ ಮಾತು ಹೆಸರಿನ ಬಗ್ಗೆ. ನಿಮ್ಮದು ಡೀಸೆಲ್ ಎಂಜಿನ್. ಅದರಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ, ಕಾಯಿಲ್ ಇಲ್ಲ, ಡಿಸ್ಟ್ರಿಬ್ಯೂಟರ್ ಇಲ್ಲ. ಆದ್ದರಿಂದ ಇಗ್ನಿಷನ್ ಟೈಮಿಂಗ್ ಎಂಬುದೂ ಇಲ್ಲ. ಆ ಮಾತು ಪೆಟ್ರೋಲ್ ಮತ್ತು ಸೀಮೆಎಣ್ಣೆ ಎಂಜಿನ್ನುಗಳಿಂದ ಬಂದದ್ದು. ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ 1946ರಿಂದ ತಯಾರಾದ ಬೂದು ಬಣ್ಣದ ಫರ್ಗ್ಯೂಸನ್ ಟಿಇ-20 ಅಂಥ ಟ್ರ್ಯಾಕ್ಟರ್. ಅದಕ್ಕೆ ಡೀಸೆಲ್ ಎಂಜಿನ್ ಬಂದದ್ದು 1951ರಲ್ಲಿ. ಅದರ ಪೆಟ್ರೋಲ್ ಎಂಜಿನ್ನಿನಲ್ಲಿ ಟೈಮಿಂಗ್ ನೋಡುವುದು ಸುಲಭ: ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ತಂತಿಗೂ ಎಂಜಿನ್ನಿನ ಮೈಗೂ ನಡುವೆ ಒಂದು ಚಿಕ್ಕ ಬಲ್ಬ್ ಸಿಕ್ಕಿಸಿ, ಕೀ ಹಾಕಿ, ಕ್ರ್ಯಾಂಕನ್ನು ಕೈಯಿಂದ ನಿಧಾನವಾಗಿ ತಿರುಗಿಸಬೇಕು. ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳು ಕೂಡಿರುವಾಗ ಬಲ್ಬ್ ಆರಿರುತ್ತದೆ, ಬಿಟ್ಟುಕೊಂಡ ಕ್ಷಣಕ್ಕೆ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಂಡ ಆ ಕ್ಷಣವೇ ಕಿಡಿ ಹಾರುವ ಕ್ಷಣ. ಡೀಸೆಲಿನಲ್ಲಿ ಇದೇ ಕೆಲಸವನ್ನು ಬಲ್ಬಿನ ಬದಲು ಎಣ್ಣೆಯ ಹನಿಯಿಂದ ಮಾಡುತ್ತೇವೆ. ಅದನ್ನು ಮುಂದೆ ಹೇಳುತ್ತೇನೆ.

ಡೀಸೆಲ್ ಎಂಜಿನ್ನಿನಲ್ಲಿ ಬೆಂಕಿ ಹಚ್ಚುವುದು ಬಿಸಿ ಗಾಳಿ. ಸಿಲಿಂಡರಿಗೆ ಬಂದ ಗಾಳಿಯನ್ನು ಪಿಸ್ಟನ್ ಹದಿನೈದು ಇಪ್ಪತ್ತು ಪಟ್ಟು ಅದುಮಿದಾಗ ಅದು 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಆ ಹೊತ್ತಿಗೆ ಸರಿಯಾಗಿ ನಾಜಲಿನಿಂದ ಡೀಸೆಲ್ ಮಂಜಿನಂತೆ ಸಿಂಪಡಣೆಯಾದರೆ ತಾನೇ ಹೊತ್ತಿಕೊಳ್ಳುತ್ತದೆ. ಆದರೆ ಹೊತ್ತಿಕೊಳ್ಳಲು ಸ್ವಲ್ಪ ಸಮಯ ಬೇಕು. ಒಂದು ಸೆಕೆಂಡಿನ ಸಾವಿರದ ಒಂದು ಭಾಗ ಎಂದು ಇಟ್ಟುಕೊಳ್ಳಿ. ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುತ್ತಿದ್ದರೆ ಅಷ್ಟರೊಳಗೆ ಕ್ರ್ಯಾಂಕ್ 9 ಡಿಗ್ರಿ ಮುಂದೆ ಹೋಗಿಬಿಡುತ್ತದೆ, 2000 ಸುತ್ತಿದ್ದರೆ 12 ಡಿಗ್ರಿ. ಅದಕ್ಕಾಗಿಯೇ ಪಿಸ್ಟನ್ ತುತ್ತತುದಿ ಮುಟ್ಟುವ ಮೊದಲೇ, ಕೆಲವು ಡಿಗ್ರಿ ಮುಂಚಿತವಾಗಿ, ಪಂಪು ಡೀಸೆಲನ್ನು ತಳ್ಳಲು ಶುರುಮಾಡಬೇಕು. ಆ ತುತ್ತತುದಿಯನ್ನು ಗ್ಯಾರೇಜುಗಳಲ್ಲಿ ಟಿಡಿಸಿ ಎನ್ನುತ್ತಾರೆ, ನಾನೂ ಹಾಗೆಯೇ ಬರೆಯುತ್ತೇನೆ. ಟಿಡಿಸಿಗೆ ಎಷ್ಟು ಡಿಗ್ರಿ ಮೊದಲು ಎಂಬುದೇ ನಿಮ್ಮ ಟ್ರ್ಯಾಕ್ಟರಿನ ಟೈಮಿಂಗ್.

ತೀರಾ ಮುಂಚೆ ತಳ್ಳಿದರೆ ಡೀಸೆಲ್ ಇನ್ನೂ ಸಾಕಷ್ಟು ಕಾಯದ ಗಾಳಿಯಲ್ಲಿ ಬಿದ್ದು, ಹೊತ್ತಿಕೊಳ್ಳದೆ ಶೇಖರವಾಗಿ, ಆಮೇಲೆ ಒಂದೇ ಸಲಕ್ಕೆ ಭಗ್ಗೆಂದು ಸಿಡಿಯುತ್ತದೆ. ನಿಮ್ಮ ಈಗಿನ ಬಡಿತ ಇದೇ. ತಡವಾಗಿ ತಳ್ಳಿದರೆ ಪಿಸ್ಟನ್ ಆಗಲೇ ಇಳಿಯುತ್ತಿರುತ್ತದೆ, ಗಾಳಿ ತಣಿಯುತ್ತಿರುತ್ತದೆ. ತಣ್ಣನೆಯ ಎಂಜಿನ್ನಿನಲ್ಲಿ ಡೀಸೆಲಿನ ಒಂದು ಭಾಗ ಉರಿಯದೆ ಬಿಳಿ ಹೊಗೆಯಾಗಿ ಹೊರಗೆ ಬರುತ್ತದೆ, ಬಿಸಿಯಾದ ಮೇಲೆ ಶಕ್ತಿಯೆಲ್ಲ ಸೈಲೆನ್ಸರಿನಲ್ಲಿ ಪೋಲಾಗುತ್ತದೆ. ಕಣ್ಣು ಉರಿಸುವ ಬಿಳಿ ಹೊಗೆ ಎಂದು ನೀವು ಬರೆದದ್ದು ಒಳ್ಳೆಯದಾಯಿತು. ಗ್ಯಾಸ್ಕೆಟ್ ಹೋಗಿ ನೀರು ಒಳಗೆ ಇಳಿದಾಗಲೂ ಬಿಳಿಯಾಗಿಯೇ ಬರುತ್ತದೆ, ಆದರೆ ಅದು ಹಬೆ. ಡೀಸೆಲಿನ ಘಾಟು ಇರುವುದಿಲ್ಲ.

ಹಾಗಾದರೆ ಮೊದಲು ಟೈಮಿಂಗ್ ತಡವಾಗಿತ್ತು, ಎರಡನೆಯವರು ಅದನ್ನು ಮುಂದಕ್ಕೆ ತಂದರು, ಸ್ವಲ್ಪ ಹೆಚ್ಚಾಯಿತು, ಅಷ್ಟೇ ತಾನೇ ಎಂದು ನಿಮಗೆ ಅನ್ನಿಸಬಹುದು. ಅಷ್ಟೇ ಆಗಿರಲೂಬಹುದು. ಆದರೆ ಬಿಳಿ ಹೊಗೆಗೂ ಸ್ಟಾರ್ಟಿಂಗ್ ತೊಂದರೆಗೂ ಟೈಮಿಂಗ್ ಒಂದೇ ಕಾರಣವಲ್ಲ. ಸರಿಯಾಗಿ ಸಿಂಪಡಿಸದೆ ತೊಟ್ಟಿಕ್ಕುವ ನಾಜಲ್, ಡೀಸೆಲ್ ಕೊಳವೆಗೆ ಸೇರಿಕೊಂಡ ಗಾಳಿ, ವಾಲ್ವ್ ತೆರೆಯುವ ಟ್ಯಾಪೆಟ್ ಬಿಗಿಯಾಗಿರುವುದು, ಇನ್ನೂ ಬೋರಿಗೆ ಹೊಂದಿಕೊಳ್ಳದ ಹೊಸ ರಿಂಗುಗಳು, ಕೆಲಸ ಮಾಡದ ಹೀಟರ್ ಪ್ಲಗ್ – ಇವುಗಳಲ್ಲಿ ಯಾವುದಾದರೂ ಅದೇ ಲಕ್ಷಣ ತೋರಿಸುತ್ತದೆ. ಅಂಥ ದೋಷವಿದ್ದಾಗ ಪಂಪನ್ನು ಮುಂದಕ್ಕೆ ತಿರುಗಿಸಿದರೆ ಹೊಗೆ ಕಡಿಮೆಯಾದಂತೆ ಕಾಣುತ್ತದೆ, ದೋಷ ಮಾತ್ರ ಅಲ್ಲೇ ಕುಳಿತಿರುತ್ತದೆ. ಕಿವಿಗೊಟ್ಟು ಸದ್ದು ಕೇಳುತ್ತಾ ಪಂಪ್ ತಿರುಗಿಸಿ ಟೈಮಿಂಗ್ ಇಡುವ ಪದ್ಧತಿಯನ್ನು ನಾನು ಒಪ್ಪುವುದೇ ಇಲ್ಲ. ಎಂಜಿನ್ನಿನ ಸದ್ದು ಏನೋ ತಪ್ಪಿದೆ ಎಂದು ಹೇಳುತ್ತದೆ, ಎಷ್ಟು ಡಿಗ್ರಿ ತಪ್ಪಿದೆ ಎಂದು ಹೇಳುವುದಿಲ್ಲ.

ನಾನು ಪಂಪ್ ಬೆಂಚಿನ ಮುಂದೆ ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಂದು ಟ್ರ್ಯಾಕ್ಟರ್ ಬಂದಿತ್ತು. ಅರ್ಧ ಗಂಟೆ ಚೆನ್ನಾಗಿ ಓಡಿ, ಆಮೇಲೆ ಬಲ ಕಳೆದುಕೊಂಡು ನಿಂತುಬಿಡುತ್ತಿತ್ತು. ಮೂರು ಕಡೆ ಪಂಪ್ ತಿರುಗಿಸಿ ಕಳಿಸಿದ್ದರು. ಪಂಪಿನ ಅಂಚಿನ (ಫ್ಲೇಂಜಿನ) ಮೇಲೆ ಉಳಿಯಿಂದ ಕೊರೆದ ಮೂರು ಗೆರೆ ಇದ್ದವು, ಯಾವುದು ಕಾರ್ಖಾನೆಯದು ಎಂದೇ ತಿಳಿಯುತ್ತಿರಲಿಲ್ಲ. ನನ್ನ ಗುರುಗಳು ಡೀಸೆಲ್ ಟ್ಯಾಂಕಿನ ಮುಚ್ಚಳ ತೆಗೆದರು, ಒಳಕ್ಕೆ ಗಾಳಿ ಸುಯ್ಯೆಂದು ನುಗ್ಗಿತು. ಮುಚ್ಚಳದ ಉಸಿರುತೂತು ಮಣ್ಣು ಕಟ್ಟಿಕೊಂಡಿತ್ತು, ಟ್ಯಾಂಕಿನಿಂದ ಎಣ್ಣೆ ಇಳಿಯುತ್ತಿರಲಿಲ್ಲ. ಒಂದು ಸೂಜಿಯಲ್ಲಿ ಮುಗಿಯುವ ಕೆಲಸ. ಆ ದಿನದಿಂದ ನಾನು ಟೈಮಿಂಗನ್ನು ಕೊನೆಯಲ್ಲಿ ನೋಡುತ್ತೇನೆ.

ಆದ್ದರಿಂದ ನೀವೂ ಹಾಗೆಯೇ ಹೋಗಿ. ಟ್ಯಾಂಕಿನ ಮುಚ್ಚಳದ ತೂತು, ಡೀಸೆಲ್ ಫಿಲ್ಟರ್, ಎಣ್ಣೆ ತುಂಬಿದ ಏರ್ ಕ್ಲೀನರಿನ ಬಟ್ಟಲು, ಇವನ್ನು ಒಂದು ಗಂಟೆಯಲ್ಲಿ ನೋಡಿ ಮುಗಿಸಬಹುದು. ಕೊಳವೆಗಳಲ್ಲಿ ಗಾಳಿ ಇದ್ದರೆ ಫಿಲ್ಟರಿನ ತಿರುಪು, ಆಮೇಲೆ ಪಂಪಿನ ತಿರುಪು ಸಡಿಲಿಸಿ ಗುಳ್ಳೆ ನಿಲ್ಲುವವರೆಗೆ ಕೈಪಂಪು ಒತ್ತಿ ತೆಗೆಯಿರಿ. ಟ್ಯಾಪೆಟ್ ಸಂದನ್ನು ಕೈಪಿಡಿಯಲ್ಲಿ ಕೊಟ್ಟ ಅಳತೆಗೆ ಫೀಲರ್ ಗೇಜಿನಿಂದ ಇಡಿ. ನಾಲ್ಕೂ ನಾಜಲುಗಳನ್ನು ಬಿಚ್ಚಿ ಡೀಸೆಲ್ ಪಂಪ್ ಸರ್ವಿಸ್ ಅಂಗಡಿಗೆ ಒಯ್ದು ಒತ್ತಡ ಮತ್ತು ಸಿಂಪಡಣೆ ಪರೀಕ್ಷೆ ಮಾಡಿಸಿ. ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡಬೇಡಿ ಎಂದು ಕೈಮುಗಿದು ಹೇಳುತ್ತೇನೆ. ನಾಜಲಿನಿಂದ ನೂರು ಇನ್ನೂರು ಬಾರ್ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಬೆರಳಿನ ಚರ್ಮವನ್ನು ತೂರಿ ಒಳಕ್ಕೆ ಹೋಗುತ್ತದೆ. ಹೊರಗೆ ಸೂಜಿಮೊನೆಯಷ್ಟು ಗಾಯ, ನೋವೂ ಮೊದಲಿಗೆ ಅಷ್ಟಾಗಿ ಇರುವುದಿಲ್ಲ. ಒಳಗೆ ಮಾತ್ರ ಮಾಂಸ ಕೊಳೆಯತೊಡಗುತ್ತದೆ. ಹಾಗೇನಾದರೂ ಆದರೆ ಅರಿಸಿನ ಹಚ್ಚಿಕೊಂಡು ಕೂರದೆ, ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗೆ ತಕ್ಷಣ ಹೋಗಬೇಕು. ಬೆರಳು ಉಳಿಯುವುದು ಗಂಟೆಗಳ ಲೆಕ್ಕದ ಮೇಲೆ.

ಇಷ್ಟೆಲ್ಲ ಸರಿಯಿದ್ದರೆ ಈಗ ಪಂಪಿಗೆ ಬರೋಣ. ಮೈಯನ್ನು ಚೆನ್ನಾಗಿ ಒರೆಸಿ ನೋಡಿ. ನಾಲ್ಕು ಕೊಳವೆಗಳು ಒಂದೇ ಸಾಲಿನಲ್ಲಿ ಹೊರಟಿದ್ದರೆ ಅದು ಸಾಲು ಪಂಪು. ನಾನು ಮುಂದೆ ಹೇಳುವುದೆಲ್ಲ ಅದಕ್ಕೆ. ಕೊಳವೆಗಳು ವೃತ್ತಾಕಾರದಲ್ಲಿ ಹೊರಟಿದ್ದರೆ ಅದು ರೋಟರಿ ಪಂಪು, ಅದರ ಟೈಮಿಂಗ್ ನೋಡುವ ಬಗೆಯೇ ಬೇರೆ, ಈ ಹನಿ ನೋಡುವ ಕ್ರಮ ಅದಕ್ಕೆ ನಡೆಯುವುದಿಲ್ಲ. ಹಳೆಯ ದೇಶೀ ಟ್ರ್ಯಾಕ್ಟರುಗಳ ಸಾಲು ಪಂಪಿನ ತಗಡಿನ ಮೇಲೆ ಮೈಕೊ ಎಂಬ ಹೆಸರು ಆಗಾಗ ಕಾಣುತ್ತದೆ. ಅದು 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಆಡುಗೋಡಿಯ ಕಾರ್ಖಾನೆ. 2008ರಿಂದ ಬಾಷ್ ಲಿಮಿಟೆಡ್ ಎಂಬ ಹೆಸರಿನಲ್ಲಿದೆ. ಜರ್ಮನಿಯ ಬಾಷ್ ಕಂಪನಿ 1927ರಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸಲು ತೊಡಗಿದ ಸಾಲು ಪಂಪಿನ ವಂಶವೇ ಇದು. ಹೊಲದ ಧೂಳಿನಲ್ಲಿ ಮೂವತ್ತು ನಲವತ್ತು ವರ್ಷ ದುಡಿದ ಇಂಥ ಪಂಪುಗಳನ್ನು ಬಿಚ್ಚಿದಾಗ ಒಳಗೆ ಎಣ್ಣೆ ತಳ್ಳುವ ಪ್ಲಂಜರು ಇನ್ನೂ ಕನ್ನಡಿಯಂತೆ ಹೊಳೆಯುವುದನ್ನು ಕಂಡು ನನಗೆ ಪ್ರತಿ ಸಲವೂ ಗೌರವ ಹುಟ್ಟುತ್ತದೆ.

ಪಂಪು ಎಂಜಿನ್ನಿಗೆ ಕೂಡುವ ಕಡೆ, ಪಂಪಿನ ಅಂಚಿನ ಮೇಲೆ ಒಂದು ಗೆರೆ, ಎದುರಿನ ಎಂಜಿನ್ ಮೈಮೇಲೆ ಒಂದು ಗೆರೆ ಇರುವುದನ್ನು ಹುಡುಕಿ. ಹುಡುಕುವ ಮೊದಲು ಪಂಪು ಈಗ ಇರುವ ಜಾಗವನ್ನು ಬಣ್ಣದಿಂದ ಗುರುತು ಮಾಡಿಕೊಳ್ಳಿ. ಉಳಿಯಿಂದ ಬೇಡ, ಬಣ್ಣ ಸಾಕು. ಎರಡು ಹಳೆಯ ಗೆರೆಗಳ ನಡುವೆ ಈಗ ಅಂತರವಿದ್ದರೆ ಎರಡನೆಯ ಮೆಕ್ಯಾನಿಕ್ ಎಷ್ಟು ತಿರುಗಿಸಿದ್ದಾರೆ ಎಂಬುದು ಕಣ್ಣಿಗೇ ಕಾಣುತ್ತದೆ. ನಾಲ್ಕೂ ಒತ್ತಡದ ಕೊಳವೆಗಳ ನಟ್ಟುಗಳನ್ನು ಸಡಿಲಿಸಿ, ಆಮೇಲೆ ಪಂಪನ್ನು ಗೆರೆಗೆ ಗೆರೆ ಕೂಡಿಸಿ. ಕೊಳವೆ ಬಿಗಿಯಾಗಿದ್ದಾಗಲೇ ಪಂಪ್ ತಿರುಗಿಸಿದರೆ ಅವು ಎಳೆತಕ್ಕೆ ಸಿಕ್ಕಿ, ಕೆಲವು ದಿನಗಳ ಮೇಲೆ ಕತ್ತಿನಲ್ಲಿ ಸೀಳುತ್ತವೆ.

ಇಲ್ಲಿ ನಿಮ್ಮ ವಿಷಯದಲ್ಲಿ ನನಗೆ ಬಲವಾದ ಅನುಮಾನ ಒಂದಿದೆ. ತೊಂದರೆ ಶುರುವಾದದ್ದು ಎಂಜಿನ್ ಬಿಚ್ಚಿ ಜೋಡಿಸಿದ ಮೇಲೆ. ಅಂದರೆ ಮುಂಭಾಗದ ಟೈಮಿಂಗ್ ಗೇರುಗಳನ್ನು ತೆಗೆದು ಹಾಕಿರುವ ಸಾಧ್ಯತೆ ಇದೆ. ಪಂಪಿನ ಗೇರ್ ಒಂದು ಹಲ್ಲು ಹಿಂದೆ ಕುಳಿತಿದ್ದರೆ ನೀವು ಮೊದಲು ಹೇಳಿದ ಲಕ್ಷಣಗಳೆಲ್ಲ ಬರುತ್ತವೆ. ಲೆಕ್ಕ ನೋಡಿ: ಪಂಪಿನ ಗೇರಿಗೆ 60 ಹಲ್ಲುಗಳಿವೆ ಎಂದುಕೊಳ್ಳಿ, ಒಂದು ಹಲ್ಲಿಗೆ 6 ಡಿಗ್ರಿ. ಪಂಪು ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಅದು ಕ್ರ್ಯಾಂಕಿನ ಲೆಕ್ಕದಲ್ಲಿ 12 ಡಿಗ್ರಿ. ಪಂಪಿನ ಅಂಚಿನ ಉದ್ದರಂಧ್ರಗಳಲ್ಲಿ ತಿರುಗಿಸಿ ಇಷ್ಟು ದೊಡ್ಡ ತಪ್ಪನ್ನು ಮುಚ್ಚಬಹುದು, ಆದರೆ ಆಗ ಪಂಪು ರಂಧ್ರದ ತುದಿಗೆ ಹೋಗಿ ಒರಗಿರುತ್ತದೆ. ಈಗ ನಿಮ್ಮ ಪಂಪು ರಂಧ್ರದ ತುದಿಯಲ್ಲಿದೆಯೇ ನೋಡಿ.

ಗೆರೆ ಕೂಡಿಸಿದ ಮೇಲೂ ನಿಜ ತಿಳಿಯಬೇಕಾದರೆ ಅಳೆಯಲೇಬೇಕು. ಅಳೆಯಲು ಮೊದಲು ಒಂದನೆಯ ಸಿಲಿಂಡರಿನ ಟಿಡಿಸಿ ಖಚಿತವಾಗಬೇಕು. ಒಂದನೆಯದು ರೇಡಿಯೇಟರಿನ ಕಡೆಯದು. ಟ್ರ್ಯಾಕ್ಟರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಗೇರ್ ತಟಸ್ಥಕ್ಕೆ ತಂದು, ಗಾಲಿಗೆ ಕಲ್ಲು ಕೊಟ್ಟು, ಬ್ಯಾಟರಿಯ ತಂತಿ ಬಿಚ್ಚಿಡಿ. ನಾಜಲುಗಳು ಹೇಗೂ ಹೊರಗಿವೆ, ಆದ್ದರಿಂದ ಕ್ರ್ಯಾಂಕ್ ಸ್ಪ್ಯಾನರಿಗೆ ಹಗುರಾಗಿ ತಿರುಗುತ್ತದೆ. ಟ್ಯಾಪೆಟ್ ಮುಚ್ಚಳ ತೆಗೆದು, ಎಂಜಿನ್ ಓಡುವ ದಿಕ್ಕಿನಲ್ಲೇ ತಿರುಗಿಸುತ್ತಾ ನಾಲ್ಕನೆಯ ಸಿಲಿಂಡರಿನ ವಾಲ್ವ್ ಒತ್ತುವ ಎರಡು ರಾಕರುಗಳನ್ನು ಗಮನಿಸಿ. ಒಂದು ವಾಲ್ವ್ ಮುಚ್ಚಿಕೊಳ್ಳುತ್ತಾ ಇನ್ನೊಂದು ತೆರೆದುಕೊಳ್ಳಲು ಶುರುವಾಗುವಾಗ, ಎರಡೂ ತೂಗುಯ್ಯಾಲೆಯಂತೆ ಆಡುವಾಗ, ಒಂದನೆಯ ಸಿಲಿಂಡರ್ ಅದುಮುವ ಹೊಡೆತದ ಟಿಡಿಸಿಯ ಹತ್ತಿರ ಇರುತ್ತದೆ. ಅದರ ಎರಡೂ ಟ್ಯಾಪೆಟ್ಟುಗಳು ಸಡಿಲವಾಗಿ ಅಲ್ಲಾಡುತ್ತವೆ. ಇದನ್ನು ತಪ್ಪಿಸಿದರೆ ಕ್ರ್ಯಾಂಕ್ ಒಂದು ಪೂರ್ತಿ ಸುತ್ತು ಆಚೆ ಇರುತ್ತದೆ, ಮಾಡಿದ ಅಳತೆಯೆಲ್ಲ ವ್ಯರ್ಥ.

ಫ್ಲೈವೀಲ್ ಅಥವಾ ಮುಂದಿನ ಪುಲ್ಲಿಯ ಮೇಲಿನ ಗುರುತು ಸ್ಪಷ್ಟವಾಗಿದ್ದರೆ ಒಳ್ಳೆಯದು. ಹಳೆಯ ಎಂಜಿನ್ನಿನಲ್ಲಿ ಪುಲ್ಲಿ ಬದಲಾಗಿರುತ್ತದೆ, ಗುರುತು ಸವೆದಿರುತ್ತದೆ. ನಂಬುವ ಮೊದಲು ಪರೀಕ್ಷಿಸಿ. ಪಿಸ್ಟನ್ ತುತ್ತತುದಿಯಲ್ಲಿ ಕೆಲವು ಡಿಗ್ರಿಗಳವರೆಗೆ ಅಲುಗಾಡದಂತೆಯೇ ಇರುವುದರಿಂದ ಕಣ್ಣಂದಾಜಿನಲ್ಲಿ ಟಿಡಿಸಿ ಸಿಗುವುದಿಲ್ಲ. ಖಚಿತವಾದ ದಾರಿ ಇದು: ಪಿಸ್ಟನ್ ಮೇಲಿರುವಾಗ ಒಂದನೆಯ ಸಿಲಿಂಡರಿನ ಒಂದು ವಾಲ್ವಿನ ರಾಕರ್ ಸರಿಸಿ, ಸ್ಪ್ರಿಂಗ್ ತೆಗೆದು, ವಾಲ್ವನ್ನು ಪಿಸ್ಟನ್ನಿನ ಮೇಲೆ ಕೂರಿಸಿ. ಅದು ಒಳಗೆ ಬಿದ್ದುಹೋಗದಂತೆ ಕಾಂಡಕ್ಕೆ ಬಿಗಿಯಾದ ರಬ್ಬರ್ ಉಂಗುರ ಹಾಕಿ, ದಾರವನ್ನೂ ಕಟ್ಟಿ. ಕಾಂಡದ ತಲೆಗೆ ಡಯಲ್ ಗೇಜ್ ಮುಟ್ಟಿಸಿ. ಪಿಸ್ಟನ್ ಏರುವಾಗ ತುದಿಗಿಂತ 2 ಮಿಲಿಮೀಟರ್ ಕೆಳಗಿರುವಾಗ ಪುಲ್ಲಿಯ ಮೇಲೆ ಒಂದು ಗುರುತು, ತುದಿ ದಾಟಿ ಇಳಿಯುವಾಗ ಅದೇ 2 ಮಿಲಿಮೀಟರಿಗೆ ಇನ್ನೊಂದು ಗುರುತು. ಎರಡರ ಸರಿ ನಡುವೆ ಟಿಡಿಸಿ. ಈ ಗುರುತನ್ನು ಒಮ್ಮೆ ಮಾಡಿಕೊಂಡರೆ ಟ್ರ್ಯಾಕ್ಟರ್ ಇರುವವರೆಗೆ ನಿಮಗೆ ಆಸರೆ, ಆದ್ದರಿಂದ ಆತುರಪಡಬೇಡಿ. ಕೆಲಸ ಮುಗಿದ ಮೇಲೆ ಪಿಸ್ಟನ್ನನ್ನು ಮತ್ತೆ ಟಿಡಿಸಿಗೆ ತಂದು ಸ್ಪ್ರಿಂಗನ್ನೂ ರಾಕರನ್ನೂ ಕೂರಿಸಿ, ಟ್ಯಾಪೆಟ್ ಸಂದು ಮತ್ತೊಮ್ಮೆ ನೋಡಿ.

ಇನ್ನು ಡಿಗ್ರಿಯನ್ನು ಮಿಲಿಮೀಟರಿಗೆ ಇಳಿಸಬೇಕು. ಪುಲ್ಲಿಯ ಅಡ್ಡಳತೆ 160 ಮಿಲಿಮೀಟರ್ ಇದ್ದರೆ ಸುತ್ತಳತೆ ಸುಮಾರು 503. ಅದನ್ನು 360ರಿಂದ ಭಾಗಿಸಿದರೆ ಒಂದು ಡಿಗ್ರಿಗೆ 1.4 ಮಿಲಿಮೀಟರ್. ಟಿಡಿಸಿಗೆ 20 ಡಿಗ್ರಿ ಮೊದಲು ಎಂದರೆ ಪುಲ್ಲಿಯ ಅಂಚಿನಲ್ಲಿ 28 ಮಿಲಿಮೀಟರ್. ಇದು ಉದಾಹರಣೆ ಮಾತ್ರ. ನಿಮ್ಮ ಪುಲ್ಲಿಯನ್ನು ನೀವೇ ಅಳೆಯಿರಿ, ಡಿಗ್ರಿಯನ್ನು ನಿಮ್ಮ ಟ್ರ್ಯಾಕ್ಟರಿನ ಕೈಪಿಡಿಯಿಂದಲೇ ತೆಗೆದುಕೊಳ್ಳಿ. ಒಂದೇ ಹೆಸರಿನ ಟ್ರ್ಯಾಕ್ಟರಿನಲ್ಲಿಯೂ ವರ್ಷ ಕಳೆದಂತೆ ಪಂಪು, ನಾಜಲ್ ಬದಲಾಗಿರುತ್ತವೆ, ಅವುಗಳ ಜೊತೆಗೆ ಡಿಗ್ರಿಯೂ ಬದಲಾಗಿರುತ್ತದೆ. ಪಕ್ಕದ ಮನೆಯ ಟ್ರ್ಯಾಕ್ಟರಿನ ಅಂಕಿ ನಿಮಗೆ ಬೇಡ. ಕೈಪಿಡಿ ಕಳೆದಿದ್ದರೆ ಪಂಪಿನ ತಗಡಿನ ಮೇಲಿನ ಸಂಖ್ಯೆಯನ್ನೂ ಎಂಜಿನ್ ಸಂಖ್ಯೆಯನ್ನೂ ಬರೆದುಕೊಂಡು ಪಂಪ್ ಸರ್ವಿಸ್ ಅಂಗಡಿಯಲ್ಲಿ ಕೇಳಿ.

ಈಗ ಹನಿಯ ಪರೀಕ್ಷೆ. ಪಂಪನ್ನು ಬ್ರಷ್ಷಿನಿಂದ ಡೀಸೆಲ್ ಹಾಕಿ ತೊಳೆಯಿರಿ, ಗಾಳಿಗೆ ಧೂಳು ಏಳುವ ಹೊತ್ತಿನಲ್ಲಿ ಈ ಕೆಲಸ ಬೇಡ. ಒಂದನೆಯ ಸಿಲಿಂಡರಿಗೆ ಹೋಗುವ ಕೊಳವೆಯನ್ನು ಕೈಯಲ್ಲಿ ಹಿಡಿದು ಪಂಪಿನವರೆಗೆ ಬನ್ನಿ, ಅದರ ನಟ್ಟು ಬಿಚ್ಚಿ. ಕೆಳಗಿರುವ ಡೆಲಿವರಿ ವಾಲ್ವಿನ ಹೋಲ್ಡರ್ ಬಿಚ್ಚಿ, ಒಳಗಿನ ಸ್ಪ್ರಿಂಗನ್ನೂ ಚಿಕ್ಕ ವಾಲ್ವನ್ನೂ ಎತ್ತಿ, ಶುದ್ಧ ಡೀಸೆಲ್ ತುಂಬಿದ ಬಟ್ಟಲಿನಲ್ಲಿ ಮುಳುಗಿಸಿಡಿ. ವಾಲ್ವಿನ ಪೀಠ ಒಳಗೇ ಇರಲಿ. ಆ ವಾಲ್ವ್ ತನ್ನ ಪೀಠಕ್ಕೇ ಉಜ್ಜಿ ಹೊಂದಿಸಿದ್ದು, ಇನ್ನೊಂದಕ್ಕೆ ಬರುವುದಿಲ್ಲ. ಬಟ್ಟೆಯಲ್ಲಿ ಒರೆಸಬೇಡಿ, ಒಂದು ನೂಲೆಳೆ ಸಾಕು ಅದನ್ನು ಕೆಡಿಸಲು. ಹೋಲ್ಡರನ್ನು ಮತ್ತೆ ಕೂರಿಸಿ ಬಿಗಿ ಮಾಡಿ, ಅದರ ಮೇಲೆ ಹಳೆಯ ಕೊಳವೆಯ ತುಂಡೊಂದನ್ನು ಹಂಸದ ಕೊರಳಿನಂತೆ ಬಗ್ಗಿಸಿ ಜೋಡಿಸಿ. ತುದಿ ಕೆಳಮುಖವಾಗಿ ಒಂದು ಲೋಟದ ಮೇಲಿರಲಿ.

ಸ್ಟಾಪ್ ತಂತಿ ಒಳಕ್ಕೆ ಹೋಗಿರಬೇಕು, ಕೈ ಥ್ರಾಟಲ್ ಪೂರ್ತಿ ತೆರೆದಿರಬೇಕು. ಸ್ಟಾಪ್ ಎಳೆದೇ ಇದ್ದರೆ ಪ್ಲಂಜರಿನ ಉದ್ದಗೀರು ತೂತಿಗೆ ಎದುರಾಗಿ ನಿಂತು, ನೀವು ಎಷ್ಟೇ ತಿರುಗಿಸಿದರೂ ಹರಿವು ನಿಲ್ಲುವುದಿಲ್ಲ. ಪಂಪು ಕೆಟ್ಟಿದೆ ಎಂದು ಮೋಸ ಹೋಗುತ್ತೀರಿ. ಕ್ರ್ಯಾಂಕನ್ನು ಒಂದನೆಯ ಸಿಲಿಂಡರಿನ ಅದುಮುವ ಹೊಡೆತದ ಟಿಡಿಸಿಗೆ ಸುಮಾರು 40 ಡಿಗ್ರಿ ಹಿಂದೆ ಇಡಿ. ಡೀಸೆಲ್ ಟ್ಯಾಂಕಿನಿಂದ ತಾನೇ ಇಳಿಯಲಿ, ಸಾಲದಿದ್ದರೆ ಒಬ್ಬರು ಕೈಪಂಪು ಒತ್ತುತ್ತಿರಲಿ. ಬಗ್ಗಿಸಿದ ಕೊಳವೆಯಿಂದ ಎಣ್ಣೆ ಧಾರೆಯಾಗಿ ಬೀಳುತ್ತದೆ. ಈಗ ಕ್ರ್ಯಾಂಕನ್ನು ಓಡುವ ದಿಕ್ಕಿನಲ್ಲಿ ಕೂದಲೆಳೆಯಷ್ಟಷ್ಟೇ ತಿರುಗಿಸಿ. ಧಾರೆ ತೆಳುವಾಗುತ್ತದೆ, ನೂಲಾಗುತ್ತದೆ, ಆಮೇಲೆ ಹನಿಯಾಗುತ್ತದೆ. ಹತ್ತು ಹದಿನೈದು ಸೆಕೆಂಡಿಗೆ ಒಂದು ಹನಿ ಎಂಬಷ್ಟಕ್ಕೆ ಬಂದಾಗ ಕೈ ನಿಲ್ಲಿಸಿ. ಪಂಪಿನೊಳಗೆ ಏರುತ್ತಿರುವ ಪ್ಲಂಜರು ಎಣ್ಣೆ ಬರುವ ತೂತನ್ನು ಮುಚ್ಚಿದ ಕ್ಷಣ ಅದು. ಅಲ್ಲಿಂದ ಮುಂದಕ್ಕೆ ಎಣ್ಣೆಗೆ ನಾಜಲಿನ ಕಡೆಗಲ್ಲದೆ ಬೇರೆ ದಾರಿ ಇಲ್ಲ. ಪುಲ್ಲಿಯ ಮೇಲೆ ಟಿಡಿಸಿ ಗುರುತಿಗೆ ಎಷ್ಟು ಮಿಲಿಮೀಟರ್ ಉಳಿದಿದೆ ಅಳೆಯಿರಿ, ಡಿಗ್ರಿಗೆ ತಿರುಗಿಸಿ. ಅದೇ ನಿಮ್ಮ ಎಂಜಿನ್ನಿನ ಈಗಿನ ಟೈಮಿಂಗ್.

ಹನಿಯ ಜಾಗವನ್ನು ದಾಟಿಬಿಟ್ಟರೆ ಅಷ್ಟೇ ಹಿಂದಕ್ಕೆ ತಂದು ನಿಲ್ಲಿಸಬೇಡಿ. ಗೇರಿನ ಹಲ್ಲುಗಳ ನಡುವಿನ ಸಡಿಲು ನಿಮ್ಮ ಅಳತೆಯನ್ನು ತಿನ್ನುತ್ತದೆ. ಕಾಲು ಸುತ್ತು ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬನ್ನಿ. ಮೂರು ಸಲ ಮಾಡಿ. ಮೂರೂ ಸಲ ಒಂದು ಡಿಗ್ರಿಯೊಳಗೆ ಬಂದರೆ ಮಾತ್ರ ಆ ಅಳತೆಯನ್ನು ನಂಬಿ.

ಕೈಪಿಡಿಯ ಡಿಗ್ರಿಗೂ ನಿಮ್ಮ ಅಳತೆಗೂ ವ್ಯತ್ಯಾಸವಿದ್ದರೆ ಪಂಪನ್ನು ತಿರುಗಿಸಬೇಕು. ಯಾವ ಕಡೆಗೆ ಎಂಬಲ್ಲಿ ಬಹಳ ಜನ ಎಡವುತ್ತಾರೆ. ಪಂಪಿನ ಒಳದಂಡ ಯಾವ ದಿಕ್ಕಿಗೆ ತಿರುಗುತ್ತದೆಯೋ ಅದಕ್ಕೆ ಎದುರಾಗಿ ಪಂಪಿನ ಮೈಯನ್ನು ತಿರುಗಿಸಿದರೆ ಟೈಮಿಂಗ್ ಮುಂಚೆ ಬರುತ್ತದೆ, ಅದೇ ದಿಕ್ಕಿಗೆ ತಿರುಗಿಸಿದರೆ ತಡವಾಗುತ್ತದೆ. ಎದುರಿಗೆ ಬರುವ ಗಾಡಿಯನ್ನು ನಾವೇ ಮುಂದೆ ಹೋಗಿ ಮುಟ್ಟುವುದಕ್ಕೂ ಅದು ನಮ್ಮ ಹತ್ತಿರ ಬರುವುದಕ್ಕೆ ಕಾಯುವುದಕ್ಕೂ ಇರುವ ವ್ಯತ್ಯಾಸ ಎಂದು ನನಗೆ ಕಲಿಸಿದವರು ಹೇಳುತ್ತಿದ್ದರು. ಪಂಪಿನಲ್ಲಿ ಒಂದು ಡಿಗ್ರಿ ಎಂದರೆ ಕ್ರ್ಯಾಂಕಿನಲ್ಲಿ ಎರಡು ಎಂಬುದು ನೆನಪಿರಲಿ. ಕ್ರ್ಯಾಂಕಿನಲ್ಲಿ 4 ಡಿಗ್ರಿ ಬದಲಾಗಬೇಕಾದರೆ ಪಂಪಿಗೆ 2 ಡಿಗ್ರಿ ಸಾಕು, ಕಣ್ಣಿಗೆ ಅದು ಕೂದಲೆಳೆಯಷ್ಟೇ ಕಾಣುತ್ತದೆ. ಸುಲಭವಾದ ಉಪಾಯವೆಂದರೆ ಕ್ರ್ಯಾಂಕನ್ನು ಕೈಪಿಡಿಯ ಡಿಗ್ರಿಗೆ ಸರಿಯಾಗಿ ನಿಲ್ಲಿಸಿ, ಪಂಪಿನ ನಟ್ಟು ಸಡಿಲಿಸಿ, ಧಾರೆ ಹನಿಯಾಗುವವರೆಗೆ ಪಂಪಿನ ಮೈಯನ್ನೇ ನಿಧಾನವಾಗಿ ತಿರುಗಿಸುವುದು. ಬಿಗಿ ಮಾಡಿ, ಕ್ರ್ಯಾಂಕನ್ನು ಎರಡು ಸುತ್ತು ತಿರುಗಿಸಿ, ಮತ್ತೆ ಅಳೆಯಿರಿ. ಬಿಗಿ ಮಾಡುವಾಗಲೇ ಪಂಪು ಜರುಗುವುದುಂಟು.

ಪಂಪು ರಂಧ್ರದ ತುದಿಗೆ ಹೋದರೂ ಸರಿಯಾದ ಡಿಗ್ರಿ ಸಿಗದಿದ್ದರೆ, ಅಥವಾ ತುದಿಯಲ್ಲಿಯೇ ಸಿಕ್ಕರೆ, ನನ್ನ ಅನುಮಾನ ನಿಜ. ಗೇರ್ ಹಲ್ಲು ತಪ್ಪಿದೆ. ಮುಂದಿನ ಟೈಮಿಂಗ್ ಮುಚ್ಚಳ ಬಿಚ್ಚಲೇಬೇಕು. ಬಿಚ್ಚಿ ನೋಡಿದಾಗ ಗೇರುಗಳ ಚುಕ್ಕೆಗಳು ಎದುರುಬದುರಾಗಿ ಇಲ್ಲದಿದ್ದರೆ ಕೂಡಲೇ ಗಾಬರಿಯಾಗಬೇಡಿ. ನಡುವಿನ ಗೇರಿನ ಹಲ್ಲುಗಳ ಸಂಖ್ಯೆಯಿಂದಾಗಿ ಅನೇಕ ಎಂಜಿನ್ನುಗಳಲ್ಲಿ ಎಲ್ಲ ಚುಕ್ಕೆಗಳೂ ಒಟ್ಟಿಗೆ ಕೂಡುವುದು ಎಷ್ಟೋ ಸುತ್ತುಗಳಿಗೊಮ್ಮೆ ಮಾತ್ರ. ಒಂದನೆಯ ಪಿಸ್ಟನ್ನನ್ನು ಟಿಡಿಸಿಗೆ ತಂದು, ನಡುವಿನ ಗೇರನ್ನು ಹೊರತೆಗೆದು, ಕ್ರ್ಯಾಂಕ್, ಕ್ಯಾಮ್, ಪಂಪು ಮೂರರ ಚುಕ್ಕೆಗಳೂ ಅದರ ಚುಕ್ಕೆಗಳಿಗೆ ಕೂಡುವಂತೆ ಮತ್ತೆ ಹಾಕಬೇಕು. ಈ ಕೆಲಸ ಅನುಭವಿ ಕೈಯಲ್ಲಿ ಆಗಲಿ. ಕ್ಯಾಮ್ ಗೇರ್ ತಪ್ಪಿದರೆ ವಾಲ್ವು ಪಿಸ್ಟನ್ನಿಗೆ ಬಡಿಯಬಹುದು. ನಿಮ್ಮ ಎಂಜಿನ್ ಜೋಡಿಸಿದ ಮೆಕ್ಯಾನಿಕ್ಕನ್ನೇ ಕರೆದು, ನೀವು ಮಾಡಿದ ಅಳತೆಯ ಅಂಕಿಗಳನ್ನು ಮುಂದಿಟ್ಟು ಮಾತನಾಡಿ. ಜಗಳ ಬೇಡ. ಅಂಕಿ ಎದುರಿಗಿದ್ದರೆ ಒಳ್ಳೆಯ ಕೆಲಸಗಾರರು ಯಾರೂ ವಾದಿಸುವುದಿಲ್ಲ.

ಗೆರೆಗೆ ಗೆರೆ ಕೂಡಿ, ಹನಿಯ ಅಳತೆಯೂ ಕೈಪಿಡಿಗೆ ಸರಿಯಾಗಿ ಬಂದು, ಆದರೂ ಬೆಳಗಿನ ಬಿಳಿ ಹೊಗೆ ಮರಳಿ ಬಂದರೆ ಟೈಮಿಂಗನ್ನು ಮರೆತುಬಿಡಿ, ಪಂಪನ್ನು ಮತ್ತೆ ಮುಟ್ಟಬೇಡಿ. ಆಗ ಕಂಪ್ರೆಷನ್ ಗೇಜ್ ಹಾಕಿ ನಾಲ್ಕೂ ಸಿಲಿಂಡರುಗಳ ಅದುಮುವಿಕೆ ನೋಡಿಸಿ. ಒಂದೇ ಸಿಲಿಂಡರಿನಲ್ಲಿ ತೊಂದರೆಯಿದೆಯೇ ಎಂದು ತಿಳಿಯಲು ಎಂಜಿನ್ ನಿಧಾನಗತಿಯಲ್ಲಿ ಓಡುವಾಗ ನಾಜಲಿನ ಹತ್ತಿರದ ನಟ್ಟುಗಳನ್ನು ಒಂದೊಂದಾಗಿ, ಬಟ್ಟೆ ಸುತ್ತಿ, ಮುಖ ದೂರವಿಟ್ಟು ಸಡಿಲಿಸಿ ನೋಡಬಹುದು. ಯಾವುದನ್ನು ಸಡಿಲಿಸಿದಾಗ ಎಂಜಿನ್ನಿನ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ದುಡಿಯುತ್ತಿಲ್ಲ. ಪಂಪಿನ ಮೇಲೆ ಸೀಸದ ಮುದ್ರೆ ಹಾಕಿದ ತಿರುಪು ಇದ್ದರೆ ಅದನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಎಣ್ಣೆಯ ಪ್ರಮಾಣವನ್ನು ನಿಗದಿ ಮಾಡುವ ತಿರುಪು ಅದು, ಪಂಪ್ ಬೆಂಚಿನ ಮೇಲೆ ಅಳೆದು ಇಟ್ಟದ್ದು. ಅದನ್ನು ತೆರೆದರೆ ಬಲ ಬಂದಂತೆ ಅನ್ನಿಸಿ, ಕಪ್ಪು ಹೊಗೆಯ ಜೊತೆಗೆ ಡೀಸೆಲಿನ ದುಡ್ಡೂ ಗಾಳಿಗೆ ಹೋಗುತ್ತದೆ.

ಜೋಡಿಸುವಾಗ ಡೆಲಿವರಿ ವಾಲ್ವು ಮತ್ತು ಸ್ಪ್ರಿಂಗನ್ನು ಮರೆಯದೆ ಹಾಕಿ. ಅವು ಬಟ್ಟಲಿನಲ್ಲೇ ಉಳಿದು, ಮೂರೇ ಸಿಲಿಂಡರಿನಲ್ಲಿ ಓಡುವ ಟ್ರ್ಯಾಕ್ಟರ್ ಮತ್ತೆ ನಮ್ಮ ಬಳಿಗೆ ಬಂದದ್ದುಂಟು. ಹೋಲ್ಡರನ್ನು ಕೈಪಿಡಿಯಲ್ಲಿ ಹೇಳಿದ ಬಿಗಿತಕ್ಕೆ ಟಾರ್ಕ್ ಸ್ಪ್ಯಾನರಿನಿಂದಲೇ ಬಿಗಿಯಿರಿ, ಅತಿ ಬಿಗಿಯಾದರೆ ಒಳಗಿನ ಎಲಿಮೆಂಟ್, ಅಂದರೆ ಪ್ಲಂಜರಿನ ಜೋಡಿ, ಹಿಡಿದುಕೊಳ್ಳುತ್ತದೆ. ನಾಜಲಿನ ಕೆಳಗೆ ಹೊಸ ತಾಮ್ರದ ವಾಷರ್ ಹಾಕಿ. ಫಿಲ್ಟರ್, ಪಂಪು, ಆಮೇಲೆ ನಾಜಲಿನ ಕೊಳವೆಗಳು, ಈ ಕ್ರಮದಲ್ಲಿ ಗಾಳಿ ತೆಗೆದು ಸ್ಟಾರ್ಟ್ ಮಾಡಿ. ಡೀಸೆಲ್ ಎಂಜಿನ್ನಿಗೆ ತಣ್ಣಗಿರುವಾಗ ಸ್ವಲ್ಪ ಕಟಕಟ ಸದ್ದು ಸಹಜ, ಬಿಸಿಯಾದಂತೆ ಅದು ಮೆತ್ತಗಾಗಬೇಕು. ಅರ್ಧ ಗಂಟೆಯ ಮೇಲೆ ಕುಂಟೆ ಕಟ್ಟಿ ಎರೆ ಹೊಲದಲ್ಲಿ ಒಂದು ಸಾಲು ಎಳೆಸಿ, ಹೊಗೆಯ ಬಣ್ಣ ನೋಡಿ. ಭಾರ ಬಿದ್ದಾಗ ತೆಳುವಾದ ಬೂದು ಬಣ್ಣ ಬಂದು ಮಾಯವಾದರೆ ಸರಿಯಿದೆ.

ಎಲ್ಲ ಸರಿಬಂದ ಮೇಲೆ ಪಂಪಿನ ಅಂಚಿನಿಂದ ಎಂಜಿನ್ ಮೈವರೆಗೆ ಹಳದಿ ಬಣ್ಣದ ಒಂದು ತೆಳು ಗೆರೆ ಎಳೆದು, ಅಳತೆ ಮಾಡಿದ ಡಿಗ್ರಿ ಮತ್ತು ತಾರೀಖನ್ನು ಟ್ಯಾಪೆಟ್ ಮುಚ್ಚಳದ ಒಳಭಾಗದಲ್ಲಿ ಗೀಚಿಡಿ. ಹತ್ತು ಗಂಟೆ ದುಡಿಸಿದ ಮೇಲೆ ಪಂಪಿನ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ನೋಡಿ, ಆ ಹಳದಿ ಗೆರೆ ಮುರಿದಿಲ್ಲವಷ್ಟೇ ಎಂದು ಗಮನಿಸಿ.